ಅತ್ತಿ ಸೊಸಿ ಕೂಡಿ ಮನಿ ಬಿಟ್ಟದ್ದು

ಸೊಸೆ ಸಿಟ್ಟಾಗಿ ತವರಿಗೆ ಹೋದರೆ ನಮ್ಮ ಕಡೆ ಯಾರೂ ಅದನ್ನು ಸುದ್ದಿ ಅಂತ ಎಣಿಸುವುದಿಲ್ಲ. ಹಿರಿಯರು ಕೂಡುತ್ತಾರೆ, ಚಹಾ ಕುಡಿಯುತ್ತಾರೆ, ಎರಡೂ ಕಡೆಯವರಿಗೆ ಬುದ್ಧಿ ಹೇಳುತ್ತಾರೆ, ಸೊಸೆ ಮತ್ತೆ ಬಸ್ ಹತ್ತುತ್ತಾಳೆ. ನನ್ನದು ಹಗರಿಬೊಮ್ಮನಹಳ್ಳಿಯಲ್ಲಿ ಸುದ್ದಿಯಾದದ್ದು ಮನೆ ಬಿಟ್ಟವಳು ನಾನೊಬ್ಬಳೇ ಅಲ್ಲ ಅನ್ನುವುದಕ್ಕೆ. ನಮ್ಮತ್ತಿಯೂ ನನ್ನ ಜೊತೆ ಬಂದಳು.

ನನ್ನ ಗಂಡನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರ್ ಹೊತ್ತುಕೊಂಡು ಬಂದ ರೈತರು ಎಷ್ಟು ಕೂಗಾಡಿದರೂ ಅವನು ದನಿ ಏರಿಸುತ್ತಿರಲಿಲ್ಲ. "ಕುಂದರ್ರಿ ಕಾಕಾ, ಸಂಜಿಗೆ ರೆಡಿ ಆಗ್ತೈತಿ" ಅನ್ನುತ್ತಿದ್ದ. ಆ ತಾಳ್ಮೆಯೆಲ್ಲ ಅಂಗಡಿಯ ಶಟರ್ ಜೊತೆ ಕೆಳಗಿಳಿದುಬಿಡುತ್ತಿತ್ತು. ಮನೆಗೆ ಬರುವ ಹೊತ್ತಿಗೆ ಉಳಿದಿರುತ್ತಿರಲಿಲ್ಲ.

ಮೊದಲ ಏಟು ಬಿದ್ದದ್ದು ಸಾರಿಗೆ ಹುಳಿ ಜಾಸ್ತಿಯಾಯಿತು ಅಂತ. ಮರುದಿನ ಅವನೇ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದ. ನಾನು ತಿಂದೆ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿಯೇ ಇತ್ತು. ಆಮೇಲೆ ಫೋನಿನಲ್ಲಿ ನಕ್ಕಿದ್ದಕ್ಕೆ ಒಂದು, ಅವನ ಗೆಳೆಯರ ಮುಂದೆ ನಗದೆ ಇದ್ದದ್ದಕ್ಕೆ ಒಂದು. ಏಟು ಮುಂದುವರಿದವು, ಮಿರ್ಚಿ ನಿಂತುಹೋಯಿತು. ಒಳಗೆ ಸದ್ದು ಶುರುವಾದರೆ ಪಕ್ಕದ ಮನೆಯವರು ಟಿವಿ ಸೌಂಡ್ ಏರಿಸುತ್ತಿದ್ದರು. ಮಕ್ಕಳಾಗಲಿ, ಎಲ್ಲ ಸರಿಹೋಗುತ್ತದೆ ಅಂತ ನಮ್ಮವ್ವ ಹರಪನಹಳ್ಳಿಯಿಂದ ಹೇಳುತ್ತಿದ್ದಳು. ಹುಟ್ಟದ ಮಗುವಿನ ಮೇಲೆ ಎಷ್ಟೊಂದು ಕೆಲಸ ಹೊರಿಸಿದ್ದರು ಅಂತ ಈಗ ನೆನೆದರೆ ನಗು ಬರುತ್ತದೆ.

ನಮ್ಮತ್ತಿ ಇಟ್ಟಿಗಿಯ ಹೆಣ್ಣುಮಗಳು. ಬಾಯಲ್ಲಿ ಎಲೆ ಅಡಿಕೆ, ಅದರ ಸಂದಿನಲ್ಲೇ ಮಾತು. ಸೀರಿಯಲ್‌ನಲ್ಲಿ ಗಂಡ ಹೆಂಡತಿಯ ಮೇಲೆ ಕೈ ಎತ್ತಿದರೆ ಟಿವಿಗೇ ಬೈಯುತ್ತಿದ್ದಳು. "ನಿನ್ನ ಕೈ ಸೇದಿಹೋಗಲಿ." ಆದರೆ ಸ್ವಂತ ಮಗ ಕೈ ಎತ್ತಿದರೆ ಹಿತ್ತಿಲಿಗೆ ಹೋಗಿ ಪಾತ್ರೆ ತಿಕ್ಕುತ್ತಿದ್ದಳು. ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಿದ್ದಳು.

ತೀರಿಹೋದ ನಮ್ಮ ಮಾವನೂ ಹೊಡೆಯುತ್ತಿದ್ದನಂತೆ. ಆಕೆ ಅದನ್ನು ತಮಾಷೆಯ ಕತೆ ಮಾಡಿ ಹೇಳುತ್ತಿದ್ದಳು. ಒಂದು ಸಲ ಅವನು ಸಿಟ್ಟಿಗೆ ಹಿತ್ತಾಳೆ ತಂಬಿಗೆ ಎಸೆದನಂತೆ. ಆಕೆ ಬಗ್ಗಿದಳು, ತಂಬಿಗೆ ಹೋಗಿ ಹಿಂದೆ ಕಟ್ಟಿದ್ದ ಎಮ್ಮೆಗೆ ಬಡಿಯಿತು. "ಅವತ್ತು ಸಂಜಿಗೆ ಎಮ್ಮಿ ಹಾಲು ಕೊಡಲಿಲ್ಲ ನೋಡು. ನಿಮ್ಮ ಮಾವ ಹೋಗಿ ಅದರ ಮೈ ಸವರಿದ, ತಿನ್ನಾಕ ಹಿಂಡಿ ಇಟ್ಟ, ತಪ್ಪಾತವ್ವ ಅಂದ. ನಾನೂ ಅಲ್ಲೇ ನಿಂತಿದ್ನಿ. ನನ್ನ ಕಡಿ ನೋಡಲಿಲ್ಲ." ಹೇಳಿ ತಾನೇ ನಗುತ್ತಿದ್ದಳು. ಮಗನೂ ನಗುತ್ತಿದ್ದ. ನಾನೂ ನಕ್ಕಿದ್ದೇನೆ.

ಮನೆ ಬಿಟ್ಟ ಆ ಬೆಳಿಗ್ಗೆ ಜಗಳಕ್ಕೆ ಕಾರಣ ನಮ್ಮ ಅಣ್ಣನ ಮಗಳ ತೊಟ್ಟಿಲ ಶಾಸ್ತ್ರ. ಎರಡು ದಿನ ಮೊದಲೇ ಹೋಗುತ್ತೇನೆ ಅಂದೆ. ಅವನು ಬೇಡ ಅಂದ. ನಾನು ರೊಟ್ಟಿ ತಟ್ಟುತ್ತಲೇ, "ಹೋಗ್ತೀನಿ, ಹೇಳೇನಿ ಅವರಿಗೆ" ಅಂದೆ. ಅವನು ಬಂದು ಕೈ ಹಿಡಿದು ತಿರುವಿದ. ಒಣಗಿದ ತೊಗರಿ ಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ಅವನಿಗೂ ಕೇಳಿಸಿರಬೇಕು. ಕೈ ಬಿಟ್ಟು, ಒಂದು ಗಳಿಗೆ ನನ್ನ ಮುಖ ನೋಡಿ, ಅಂಗಡಿಗೆ ಹೋದ.

ನಮ್ಮತ್ತಿ ಹಿತ್ತಿಲಿಗೆ ಹೋಗಲಿಲ್ಲ. ಒಲೆ ಆರಿಸಿದಳು, ನನ್ನ ಕೈಗೆ ತನ್ನ ಹಳೆಯ ಸೀರೆಯ ತುಂಡು ಕಟ್ಟಿದಳು, ಆಟೋ ಕರೆದಳು. ಆಕೆ ಎಲೆ ಅಡಿಕೆ ಹಾಕದೆ ಅಷ್ಟು ದೂರ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಆಸ್ಪತ್ರೆಯಲ್ಲಿ ಡಾಕ್ಟರ್ ಹೆಣ್ಣುಮಗಳು. ಹೇಗಾಯಿತು ಅಂತ ಕೇಳಿದರು. ನನ್ನ ಹತ್ತಿರ ಉತ್ತರ ತಯಾರಿತ್ತು.

"ಬಚ್ಚಲದಾಗ ಜಾರಿ ಬಿದ್ದೆ ರೀ."

"ಬಚ್ಚಲ ಅಲ್ರಿ" ಅಂದಳು ನಮ್ಮತ್ತಿ. "ನನ್ನ ಮಗ ಮುರದಾನ. ಹಂಗಂತ ಬರಕೊಳ್ರಿ."

ಡಾಕ್ಟರ್ ಪೆನ್ನು ಎತ್ತಿ ಹಿಡಿದು ಆಕೆಯನ್ನು ನೋಡಿದರು. "ನೀವು ಹುಡುಗಿ ತಾಯಿನಾ?"

"ಇಲ್ಲ ರೀ. ಹುಡುಗನ ತಾಯಿ."

ಅಲ್ಲಿದ್ದ ನರ್ಸ್ ಬ್ಯಾಂಡೇಜ್ ಸುತ್ತುವುದನ್ನೇ ಮರೆತು ನಿಂತಳು. ನನಗೆ ನೋವಿನಲ್ಲೂ ನಾಚಿಕೆಯಾಯಿತು, ಅದರ ಹಿಂದೆಯೇ ಎದೆಯ ಮೇಲಿನ ಯಾವುದೋ ಭಾರ ಇಳಿದಂತೆಯೂ ಆಯಿತು.

ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಹೊರಗೆ ಬಂದೆವು. ಮನೆ ಒಂದು ಕಡೆ, ಬಸ್‌ಸ್ಟ್ಯಾಂಡ್ ಇನ್ನೊಂದು ಕಡೆ. ನಮ್ಮತ್ತಿ ಬಸ್‌ಸ್ಟ್ಯಾಂಡ್ ಕಡೆ ನಡೆದಳು. ಆಸ್ಪತ್ರೆಯ ಚೀಟಿ ಮಾಡಿಸಲು ಆಧಾರ್ ಕಾರ್ಡ್ ತಂದಿದ್ದೆವು, ಹೆಣ್ಣುಮಕ್ಕಳಿಗೆ ಬಸ್ ಫ್ರೀ. ಇಷ್ಟು ಅನುಕೂಲ ಇದ್ದಾಗ ಮನೆ ಬಿಡುವುದು ಅಂಥ ದೊಡ್ಡ ಕೆಲಸ ಅನ್ನಿಸಲಿಲ್ಲ. ಕೊಟ್ಟೂರಿನ ಬಸ್ ಹೊರಡಲು ನಿಂತಿತ್ತು. ಆ ಊರಲ್ಲಿ ಆಕೆಯ ತಂಗಿ ಇದ್ದಳು. ಗಂಡ ಇಲ್ಲ, ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಬದುಕುತ್ತಿದ್ದಳು. ಮನೆಯ ಹಿಂದೆ ಒಂದು ಖೋಲಿ ಖಾಲಿ ಇತ್ತು.

ಸೀಟು ಸಿಕ್ಕ ಮೇಲೆ ಕೇಳಿದೆ. "ಅತ್ತಿ, ನನ್ನ ಬಿಟ್ಟು ತಿರುಗಿ ಹೋಗ್ತೀಯೇನು?"

"ನಾ ಹೋದ್ರ ರೊಟ್ಟಿ ಮಾಡಿ ಹಾಕಬೇಕಾಗ್ತೈತಿ ಅವನಿಗೆ. ಬ್ಯಾಡ" ಅಂದಳು. ಆಮೇಲೆ ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಗ ಅಲ್ಲವೆ.

ಅವತ್ತೇ ಸಂಜೆ ನಮ್ಮವ್ವನ ಫೋನ್ ಬಂತು.

"ಗಂಡನ ಮನಿ ಬಿಟ್ಟು ಹೋಗೀಯಂತ? ಜನ ಏನಂತಾರ?"

"ಗಂಡನ ಮನಿ ಎಲ್ಲಿ ಬಿಟ್ಟೀನವ್ವ? ಅತ್ತಿ ಕೂಡ ಅದೀನಿ."

ಅವಳು ಮಾತನ್ನು ತೊಟ್ಟಿಲಿಗೆ ತಿರುಗಿಸಿ ಫೋನ್ ಇಟ್ಟಳು. ಸೊಸೆಯಾದವಳು ಅತ್ತೆಯನ್ನು ಬಿಟ್ಟಿರಬಾರದು ಅಂತ ಮದುವೆಯ ದಿನ ಹೇಳಿಕೊಟ್ಟವಳೇ ಅವಳು. ಬಂಧುಗಳಿಗೂ ಅದೇ ತೊಡಕು. ಅತ್ತೆಯ ಕಾಟ ಅನ್ನಲು ಬರುವುದಿಲ್ಲ, ಸೊಸೆ ಅತ್ತೆಯನ್ನು ಕಡೆಗಣಿಸಿದಳು ಅನ್ನಲೂ ಬರುವುದಿಲ್ಲ. ಆಡಿಕೊಳ್ಳಬೇಕು ಅಂದವರಿಗೆ ಎಲ್ಲಿ ಹಿಡಿಯಬೇಕು ಅಂತಲೇ ತಿಳಿಯಲಿಲ್ಲ.

ಮುಂದಿನ ಭಾನುವಾರ ಗಂಡ ಬಂದ, ಜೊತೆಗೆ ಅವನ ದೊಡ್ಡಪ್ಪ. ನಾವು ಮೂವರೂ ಮನೆಯ ಹಿಂದಿನ ಚಪ್ಪರದ ಕೆಳಗೆ ಇದ್ದೆವು. ಅತ್ತಿಯ ತಂಗಿ ಹಿಟ್ಟು ನಾದುತ್ತಿದ್ದಳು, ನಮ್ಮತ್ತಿ ರೊಟ್ಟಿ ಬಡಿಯುತ್ತಿದ್ದಳು, ನಾನು ಗಟ್ಟಿ ಇದ್ದ ಒಂದೇ ಕೈಯಿಂದ ಮಗುಚಿ ಹಾಕುತ್ತಿದ್ದೆ. ಗಂಡ ನನ್ನ ಪ್ಲಾಸ್ಟರ್ ನೋಡಿ ಅತ್ತ. ನಿಜವಾಗಿಯೂ ಅತ್ತ, ನಾಟಕ ಅಲ್ಲ. ಆದರೆ ಆ ಅಳು ನನಗೆ ಹೊಸದಾಗಿರಲಿಲ್ಲ.

ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು. "ಸೊಸಿ ಹೋಗೋದು ಕೇಳೀವಿ. ಅತ್ತಿ ಸೊಸಿ ಕೂಡಿ ಮನಿ ಬಿಡೋದು ಎಲ್ಲೂ ಕೇಳಿಲ್ಲ. ಏನು ಇದು, ಮರ್ಯಾದಿ ಅನ್ನೋದು ಬ್ಯಾಡೇನು?"

"ಈಗ ಕೇಳಿದ್ರಲ್ಲ ಭಾವ. ಕುಂದರ್ರಿ, ರೊಟ್ಟಿ ಬಿಸಿ ಅದಾವು" ಅಂದಳು ನಮ್ಮತ್ತಿ.

ಅವರು ಕೂತರು. ಬಿಸಿ ರೊಟ್ಟಿ, ಬದನೇಕಾಯಿ ಪಲ್ಯ, ಶೇಂಗಾ ಚಟ್ನಿ. ಬಾಯಿ ತುಂಬಿದಾಗ ಮರ್ಯಾದೆಯ ಮಾತು ಆಡುವುದು ಕಷ್ಟ. ನಮ್ಮತ್ತಿ ಹಿಟ್ಟಿನ ಕೈ ತೊಳೆದು ಮಗನ ಎದುರಿಗೆ ಕೂತಳು.

"ಲೇ, ನಿಮ್ಮಪ್ಪನ ಕತಿ ಹೇಳಿ ಹೇಳಿ ನಿಮ್ಮನ್ನ ನಗಿಸಿದ್ನಿ. ಅವತ್ತು ನನಗ ಹೋಗೋಕ ಜಾಗ ಇರಲಿಲ್ಲ, ಅದಕ್ಕ ನಗತಿದ್ನಿ. ನೀ ಅದನ್ನ ನಗೋ ಮಾತು ಅಂತ ತಿಳಕೊಂಡಿ."

"ಇನ್ನೊಮ್ಮೆ ಮಾಡಂಗಿಲ್ಲ ಯವ್ವಾ. ಇಬ್ಬರೂ ಬರ್ರಿ."

"ನನ್ನ ಕೇಳಬ್ಯಾಡ. ಕೈ ಯಾರದು ಮುರದೈತಿ ಅವರನ್ನ ಕೇಳು."

ಎಲ್ಲರೂ ನನ್ನ ಕಡೆ ನೋಡಿದರು. ಇಷ್ಟು ವರ್ಷದಲ್ಲಿ ನನ್ನ ಅಭಿಪ್ರಾಯಕ್ಕಾಗಿ ಅಷ್ಟು ಜನ ಒಟ್ಟಿಗೆ ಕಾದದ್ದು ಅದೇ ಮೊದಲು. ಬರುವುದಿಲ್ಲ ಅಂದೆ. ಮಾತು ಪೂರ್ತಿ ಬಂತು.

ಆಮೇಲೆ ಗಂಡ ಅಂಗಡಿ ಮುಚ್ಚಿ ಮಧ್ಯಾಹ್ನದ ಹೊತ್ತಿಗೆ ಬಂದು ಓಣಿಯಲ್ಲಿ ನಿಲ್ಲತೊಡಗಿದ. ಒಂದು ದಿನ ಬಾಗಿಲು ಒದ್ದ. ಆಗ ಆಸ್ಪತ್ರೆಯ ಆ ಡಾಕ್ಟರೇ ಹೇಳಿದ್ದ ಹೆಣ್ಣುಮಕ್ಕಳ ಸಹಾಯ ಕೇಂದ್ರಕ್ಕೆ ಇಬ್ಬರೂ ಹೋದೆವು. ಅಲ್ಲಿಯ ಮೇಡಂ ಅವನನ್ನು ಕರೆಸಿದರು, ಕೋರ್ಟಿನಿಂದ ಆದೇಶ ಕೊಡಿಸಿದರು. ಅವನು ನಮ್ಮ ಓಣಿಗೆ ಬರುವುದು ನಿಂತಿತು. ಕೆಲವು ಸಲ ಅವನಿಗೆ ತಿಳಿವಳಿಕೆ ಹೇಳುವವರ ಹತ್ತಿರವೂ ಹೋಗಿ ಬಂದನಂತೆ. ಬದಲಾಗಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ.

ನಮ್ಮತ್ತಿಗೆ ಮಾತ್ರ ವಾರಕ್ಕೊಮ್ಮೆ ಅವನ ಫೋನ್ ಬರುತ್ತದೆ. ಹೆಚ್ಚಾಗಿ ಅಡುಗೆಯ ಮಾತು. "ಕುಕ್ಕರ್‌ನಾಗ ಬ್ಯಾಳಿ ಎಷ್ಟು ಸೀಟಿ ಹೊಡಸ್ಲಿ?" ಆಕೆ ಹೇಳುತ್ತಾಳೆ. ಬೈಯುತ್ತಾಳೆ. ಫೋನ್ ಇಟ್ಟ ಮೇಲೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತಿಕ್ಕುತ್ತಾಳೆ.

ನಾವಿಬ್ಬರೂ ತಾಯಿ ಮಗಳ ಹಾಗೆ ಇದ್ದೇವೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಕೆ ಮಗನನ್ನು ಬಿಟ್ಟು ಬಂದಳು, ಅತ್ತಿತನ ಬಿಟ್ಟು ಬರಲಿಲ್ಲ. ಕೈ ಗುಣವಾದ ಮೇಲೆ ನಾನು ಹೊಲಿಗೆ ಮಷಿನ್ ಹಾಕಿದೆ. ಬ್ಲೌಸ್ ಹೊಲಿಸಲು ಬಂದವರ ಎದುರಿಗೇ, "ತೋಳು ಬಿಗಿ ಮಾಡ್ತಾಳ, ನೋಡಿ ಹೊಲಿಸ್ರಿ" ಅನ್ನುತ್ತಾಳೆ. ಆಕೆಗೆ ನಾನು ಎದ್ದರೆ ತಡ, ಕೂತರೆ ತಪ್ಪು. ನಾನೂ ಸುಮ್ಮನಿರುವುದಿಲ್ಲ, ಜೋರಾಗಿ ಎದುರಾಡುತ್ತೇನೆ. ನಮ್ಮ ಜಗಳ ಓಣಿಗೆಲ್ಲ ಕೇಳುತ್ತದೆ. ಜಗಳ ಮುಗಿದ ಮೇಲೆ ಇಬ್ಬರಿಗೂ ಹಸಿವಾಗುತ್ತದೆ, ಉಣ್ಣುತ್ತೇವೆ. ಹೆದರಿಕೆಯಿಲ್ಲದೆ ಜಗಳ ಆಡುವುದು ಇಷ್ಟು ಹಗುರ ಅಂತ ನನಗೆ ಗೊತ್ತೇ ಇರಲಿಲ್ಲ.

ಕಳೆದ ಬೇಸಿಗೆಯಲ್ಲಿ ನಮ್ಮ ವಿಚ್ಛೇದನ ಆಯಿತು. ಕೋರ್ಟಿನಲ್ಲಿ ಆಕೆ ನನ್ನ ಪಕ್ಕದ ಬೆಂಚಿನಲ್ಲಿ ಕೂತಿದ್ದಳು. ಹೊರಗೆ ಬಂದು ಬುತ್ತಿ ಬಿಚ್ಚಿ ಮಗನಿಗೂ ಕೊಟ್ಟಳು. ಅವನು ದೂರ ನಿಂತು ಉಂಡ. ನಾನು ಈ ಕಡೆ ಕೂತು ಉಂಡೆ. ಕೋರ್ಟಿನ ಲೆಕ್ಕದಲ್ಲಿ ಆಕೆ ಇನ್ನು ನನಗೆ ಏನೂ ಆಗಬೇಕಾಗಿಲ್ಲ. ಅದನ್ನು ಆಕೆಗೆ ಹೇಳುವ ಧೈರ್ಯ ಯಾರಿಗೂ ಇಲ್ಲ.

ಮೊನ್ನೆ ನಮ್ಮತ್ತಿ ಹೊಳಲು ಗ್ರಾಮದಲ್ಲಿ ಒಂದು ಮದುವೆಗೆ ಹೋಗಿ ಬಂದವಳು ಚೀಲ ಕೆಳಗಿಡುವ ಮೊದಲೇ ಶುರು ಮಾಡಿದಳು.

"ಅಲ್ಲೊಬ್ಬ ಅದಾನ. ಹೆಂಡ್ತಿ ತೀರಿ ಹೋಗ್ಯಾಳ. ಕಿರಾಣಿ ಅಂಗಡಿ ಐತಿ."

"ನನಗ ಬ್ಯಾಡ ಅತ್ತಿ."

"ನಿನ್ನ ಯಾರು ಕೇಳಿದ್ರು? ನಾ ನಾಲ್ಕು ದಿನ ಅವರ ಓಣಿಯಾಗ ಇದ್ದು, ಅಂಗಡಿ ಮುಚ್ಚಿದ ಮ್ಯಾಲೆ ಹೆಂಗದಾನ ನೋಡಿ ಬರ್ತೀನಿ. ನೋಡೋಕೇನು ರೊಕ್ಕ ಕೊಡಬೇಕಾ?"

ಹಬ್ಬ ಹತ್ತಿರ ಇತ್ತು, ಮಷಿನ್ ಪಕ್ಕ ಬ್ಲೌಸಿನ ರಾಶಿ ಬಿದ್ದಿತ್ತು. ಹೋಗುವುದಾದರೆ ಹುಕ್ಕು ಹಾಕಿ ಹೋಗು ಅಂದೆ. ಗೊಣಗುತ್ತ ಕನ್ನಡಕ ಹುಡುಕಿದಳು, ಸೂಜಿಗೆ ದಾರ ಪೋಣಿಸಿಕೊಡು ಅಂತ ನನ್ನ ಕೈಗೆ ಕೊಟ್ಟಳು.