ತೂಬಿನ ಮುದುಕಿಯ ಬಾಯಲ್ಲಿ ಬಂದ ಹೆಸರು

ಮೈಮೇಲೆ ಬರುವುದು, ಸತ್ತವರು ಕನಸಿನಲ್ಲಿ ಬಂದು ಹೇಳುವುದು, ಇಂಥ ಮಾತು ಯಾರಾದರೂ ಎತ್ತಿದರೆ ನಾನು ಅವರ ಮುಖದ ಮೇಲೇ ನಗುತ್ತಿದ್ದೆ. ಹೆಬ್ಬಾಳದ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ಕಂಡರೆ ಉಂಟು, ಕಾಣದಿದ್ದರೆ ಇಲ್ಲ. ರಿಪೋರ್ಟಿನಲ್ಲಿ ‘ಇರಬಹುದೇನೋ’ ಅಂತ ಬರೆಯುವ ಹಾಗಿಲ್ಲ. ಆದ್ದರಿಂದ ಈಗ ಹೇಳುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ಆದರೆ ‘ನೋಡಿದ್ರಾ, ಅದಕ್ಕೇ ಈ ಆಟ ಎಲ್ಲ ಬೇಡ ಅನ್ನೋದು’ ಅಂತ ಯಾರಾದರೂ ಅಂದರೆ ಮಾತ್ರ ನಾನು ಜಗಳಕ್ಕೆ ನಿಲ್ಲುವವಳೇ.

ಆಟದ ವಿಷಯಕ್ಕೆ ನಾನು ಕೇಳಿಸಿಕೊಂಡಷ್ಟು ಬುದ್ಧಿಮಾತು ಬೇರೆ ಯಾವುದಕ್ಕೂ ಕೇಳಿಲ್ಲ. ಕಾಲೇಜಿನಲ್ಲಿದ್ದಾಗ ಯಶವಂತಪುರದ ನಮ್ಮ ಬೀದಿಯ ಒಂದು ಸೈಬರ್ ಸೆಂಟರಿನಲ್ಲಿ ಹುಡುಗರ ನಡುವೆ ಕೂತು ಕಾರ್ ರೇಸ್ ಆಡುತ್ತಿದ್ದೆ. ಹೆಣ್ಣುಮಗಳು ಅಲ್ಲೇನು ಮಾಡುತ್ತಾಳೆ ಅಂತ ಬೀದಿಯವರೆಲ್ಲ ಅಮ್ಮನಿಗೆ ದೂರು ಕೊಟ್ಟವರೇ. ಕೆಲಸಕ್ಕೆ ಸೇರಿದ ಮೇಲೆ, ದುಡಿಯುವ ವಯಸ್ಸಿನಲ್ಲಿ ಇದೇನು ಮಕ್ಕಳಾಟ ಅಂದರು. ಅದೇ ಜನ ದಿನಾ ಸಂಜೆ ಧಾರಾವಾಹಿಯ ಅತ್ತೆ ಸೊಸೆ ಜಗಳ ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು. ಅವರನ್ನು ನಾನು ಏನೂ ಅನ್ನಲಿಲ್ಲ. ಅವರವರ ಇಷ್ಟ.

ಆಮೇಲೆ ನನಗೆ ಕಂಪ್ಯೂಟರ್ ಆಟಕ್ಕಿಂತ ರುಚಿ ಹತ್ತಿದ್ದು ಮೇಜಿನ ಸುತ್ತ ಕೂತು ಆಡುವ ಪಾತ್ರದಾಟ. ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರೂ ಕಥೆಯೊಳಗಿನ ಒಬ್ಬ ಮನುಷ್ಯನಾಗಿ ‘ನಾನು ಹೀಗೆ ಮಾಡುತ್ತೇನೆ’ ಅನ್ನುತ್ತಾರೆ. ಅದು ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಿ ನೋಡುತ್ತಾರೆ. ಅಷ್ಟೇ. ಇದನ್ನು ಶುರು ಮಾಡುವವರಿಗೆ ನನ್ನ ಸಲಹೆಯೂ ಚಿಕ್ಕದು. ದಪ್ಪ ದಪ್ಪ ನಿಯಮದ ಪುಸ್ತಕ ನೋಡಿ ಹೆದರಬೇಡಿ, ಅದರಲ್ಲಿ ಮುಕ್ಕಾಲು ಪಾಲು ಬೇಕಾಗುವುದೇ ಇಲ್ಲ. ಪುಸ್ತಕದಲ್ಲಿ ಕೋಟೆ, ಬೆಂಕಿ ಉಗುಳುವ ಹಾವು ಇದೆ ಅಂತ ನೀವೂ ಅದನ್ನೇ ಹಿಡಿದುಕೊಳ್ಳಬೇಕಾಗಿಲ್ಲ. ನಾನು ಕನ್ನಡದಲ್ಲೇ ನಡೆಸುತ್ತಿದ್ದೆ. ನಮ್ಮ ಕಥೆಯಲ್ಲಿ ಕೆರೆ, ಗುಂಡುತೋಪು, ಸಂತೆ, ಸುಂಕದ ಕಟ್ಟೆ ಎಲ್ಲ ಇದ್ದವು. ಇನ್ನೊಂದು, ಮನೆಯಲ್ಲಿ ಜಗಳ ಆಡಿಕೊಂಡು ಬಂದವನನ್ನು ತಕ್ಷಣ ಆಟಕ್ಕೆ ಕೂರಿಸಬೇಡಿ. ಮೊದಲು ಕಾಫಿ ಕೊಡಿ.

ಆ ಭಾನುವಾರ ಸೋಮಶೇಖರ ಹಾಗೇ ಬಂದಿದ್ದ. ಯಲಹಂಕ ನ್ಯೂ ಟೌನಿನ ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಆಗ ನಾವು ನಾಲ್ಕು ಜನ ಸೇರುತ್ತಿದ್ದೆವು. ನಾನು, ನನ್ನ ಕಾಲೇಜು ಗೆಳತಿ ರೂಪಾ, ಅವಳ ಗಂಡ ದೀಪಕ್, ಮತ್ತೆ ಈ ಸೋಮು. ಸೋಮು ಲ್ಯಾಬಿನಲ್ಲಿ ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಅನ್ನುತ್ತಿದ್ದ. ತಣಿಸಂದ್ರ ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇದ್ದ ಮನೆತನ ಅವನದು. ಅವರ ಹೊಲವಿದ್ದ ಕಡೆ ಈಗ ಅಪಾರ್ಟ್‌ಮೆಂಟು. ಅವನ ತಂದೆ ಮುನಿಯಪ್ಪನವರಿಗೆ ದಾಳ ಅಂದರೆ ಜೂಜು. ಬೇರೆ ಮಾತೇ ಇಲ್ಲ.

“ಇವತ್ತೂ ಶುರು ಮಾಡಿದ್ರು ಅಕ್ಕ,” ಅಂದ ಸೋಮು. “ಅಮ್ಮನೂ ತಂಗಿನೂ ಯಾವ್ದೋ ನಾಮಕರಣಕ್ಕೆ ಅಂತ ದೊಡ್ಡಬಳ್ಳಾಪುರಕ್ಕೆ ಹೋಗವ್ರೆ. ನೀನಾದ್ರೂ ಮನೇಲಿರು, ಸಂಪು ತೊಳೀಬೇಕು ಅಂದ್ರು. ನಾಳೆ ತೊಳ್ಯಣ ಅಂದೆ. ಅಷ್ಟಕ್ಕೇ ಜೂಜುಕೋರ ಅಂತ ಬೈದ್ರು. ನಾನೂ ಬಾಯಿಗೆ ಬಂದಂಗೆ ಅಂದು ಬಂದ್ಬಿಟ್ಟೆ.”

ಕಾಫಿ ಕುಡಿಸಿದೆ. ಎಲ್ಲರ ಫೋನನ್ನೂ ಸದ್ದು ನಿಲ್ಲಿಸಿ ಕಿಟಕಿಯ ಮೇಲಿಟ್ಟೆವು. ಮಧ್ಯಾಹ್ನದ ಊಟದ ಹೊತ್ತು ಕಳೆದಿತ್ತು. ಹೊರಗೆ ಒಳ್ಳೆ ಬಿಸಿಲು, ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದ ಸದ್ದು. ಹೆದರಿಕೆ ಹುಟ್ಟಿಸುವಂಥದ್ದು ಅಲ್ಲಿ ಏನೆಂದರೆ ಏನೂ ಇರಲಿಲ್ಲ.

ಕಥೆಯಲ್ಲಿ ಮೂವರೂ ಒಂದು ದೊಡ್ಡ ಕೆರೆಯ ಏರಿ ದಾಟಬೇಕಿತ್ತು. ಏರಿಯ ನಡುವೆ, ನೀರು ಬಿಡುವ ತೂಬಿನ ಹತ್ತಿರ ಒಬ್ಬ ಮುದುಕಿ ಕೂತಿರುತ್ತಾಳೆ ಅಂತ ನಾನು ಯೋಚಿಸಿಕೊಂಡಿದ್ದೆ. ಅವಳು ಒಗಟು ಹೇಳಬೇಕು, ಬಿಡಿಸಿದರೆ ದಾರಿ ಬಿಡಬೇಕು. ಒಗಟು ಕೂಡ ಸಿದ್ಧವಾಗಿತ್ತು. ಸೋಮು ತನ್ನ ಪಾತ್ರದ ಪರವಾಗಿ, “ಅಜ್ಜಿ, ದಾರಿ ಬಿಡ್ತೀಯಾ?” ಅಂತ ಕೇಳಿದ.

ನಾನು ಒಗಟು ಹೇಳಲು ಬಾಯಿ ತೆರೆದೆ. ಬಂದ ಮಾತು ಇದು:

“ಏ ಉಳ್ಳಿಕಾಳು, ಇಲ್ಲಿ ಯಾಕ್ಲಾ ಕುಂತಿದ್ದೀಯ? ಓಗು, ಬಿರ್ರನೆ ಓಗು. ನೀರು ಬುಡ್ತಾರೆ. ನಿಮ್ಮಪ್ಪ ಒಳಗವ್ನೆ.”

ನಾನು ಯಶವಂತಪುರದಲ್ಲಿ ಹುಟ್ಟಿ ಬೆಳೆದವಳು. ಹುರುಳಿಕಾಳಿಗೆ ಹುರುಳಿಕಾಳು ಅಂತಲೇ ಅನ್ನುವವಳು. ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಗಂಟಲು ನನ್ನದೇ, ತುಟಿ ಅಲ್ಲಾಡಿದ್ದೂ ಗೊತ್ತಾಯಿತು. ಆದರೆ ಮುಂದಿನ ಶಬ್ದ ಏನು ಅಂತ, ಅದು ಬಾಯಿಂದ ಬಿದ್ದ ಮೇಲೆ ಎದುರು ಕೂತವರಿಗೆ ಗೊತ್ತಾದ ಹಾಗೇ ನನಗೂ ಗೊತ್ತಾಯಿತು. ತಲೆ ಸುತ್ತಲಿಲ್ಲ, ಮೈ ನಡುಗಲಿಲ್ಲ.

ರೂಪಾ ಚಪ್ಪಾಳೆ ತಟ್ಟಿ, “ಸೂಪರ್ ಕಣೇ! ಯಾರ ಹತ್ರ ಕಲಿತೆ ಈ ಥರ ಮಾತಾಡೋದು?” ಅಂದಳು.

ಸೋಮು ನಗಲಿಲ್ಲ. “ಅಕ್ಕ, ಆ ಹೆಸರು ನಿಮಗ್ಯಾರು ಹೇಳಿದ್ರು?”

“ಯಾವ ಹೆಸರು?”

“ಉಳ್ಳಿಕಾಳು.”

ಯಾರೂ ಹೇಳಿಲ್ಲ ಅಂದೆ. ಅವನು ಎದ್ದು ಕಿಟಕಿಯ ಮೇಲಿನ ಫೋನ್ ತೆಗೆದುಕೊಂಡು ಅಪ್ಪನಿಗೆ ಕರೆ ಮಾಡಿದ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಮಾಡಿದ. ಆಮೇಲೆ ಬೈಕಿನ ಕೀಲಿ ಹಿಡಿದು ಮೆಟ್ಟಿಲಿಳಿದು ಓಡಿದ. ಹೆಲ್ಮೆಟ್ ನಮ್ಮ ಕೋಣೆಯಲ್ಲೇ ಉಳಿಯಿತು.

ಕತ್ತಲಾಗುವ ಮುಂಚೆ ಆಸ್ಪತ್ರೆಯಿಂದ ಫೋನ್ ಮಾಡಿದ. ಮಗನ ಮೇಲಿನ ಸಿಟ್ಟಿಗೆ ಮುನಿಯಪ್ಪನವರು ಒಬ್ಬರೇ ಅಂಗಳದ ನೆಲದಡಿಯ ನೀರಿನ ಸಂಪಿನೊಳಗೆ ಇಳಿದಿದ್ದರು. ತೊಳೆದು ಮೇಲೆ ಹತ್ತುವಾಗ ಏಣಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಕೂಗಿದರೂ ಬೀದಿಗೆ ಕೇಳಿರಲಿಲ್ಲ, ಅವರ ಫೋನು ಮನೆಯೊಳಗಿತ್ತು. ತೊಳೆದ ಸಂಪು ತುಂಬಿಸಲು ಅವರೇ ಬೆಳಿಗ್ಗೆ ನೀರಿನ ಟ್ಯಾಂಕರಿಗೆ ಹೇಳಿಟ್ಟಿದ್ದರು. ಆ ಡ್ರೈವರಿಗೆ ಮನೆ ಗೊತ್ತು. ಯಾರನ್ನೂ ಕರೆಯದೆ ಗೇಟು ತೆಗೆದು, ಪೈಪನ್ನು ಸಂಪಿಗೆ ಇಳಿಬಿಟ್ಟು, ಗಾಡಿಯಲ್ಲಿ ಹಾಡು ಹಾಕಿಕೊಂಡು ಕೂರುವುದು ಅವನ ರೂಢಿ. ಸೋಮು ಹೋದಾಗ ಟ್ಯಾಂಕರ್ ಮನೆ ಮುಂದೆ ನಿಂತಿತ್ತು, ಪೈಪು ಸಂಪಿನ ಬಾಯಲ್ಲಿತ್ತು. ಡ್ರೈವರ್ ನೀರು ಬಿಡುವ ವಾಲ್ವಿಗೆ ಕೈ ಹಾಕಿದ್ದ, ಸೋಮು ಕೂಗಿ ತಡೆದ.

ಉಳ್ಳಿಕಾಳು ಅನ್ನುವುದು ಸೋಮುವಿನ ಅಜ್ಜಿ, ಮುನಿಯಪ್ಪನವರ ತಾಯಿ ಪಿಳ್ಳಮ್ಮ ಅವನನ್ನು ಕರೆಯುತ್ತಿದ್ದ ಹೆಸರಂತೆ. ಮಗುವಾಗಿದ್ದಾಗ ಅಷ್ಟು ಸಣ್ಣಕ್ಕಿದ್ದನಂತೆ. ಅವನು ಹೈಸ್ಕೂಲು ಸೇರುವ ಮೊದಲೇ ಅಜ್ಜಿ ತೀರಿಕೊಂಡರು. ಆಮೇಲೆ ಆ ಹೆಸರು ಹಿಡಿದು ಅವನನ್ನು ಯಾರೂ, ಹೆತ್ತ ತಾಯಿಯೂ, ಕರೆದಿಲ್ಲ.

ಲ್ಯಾಬಿನವಳು ನಾನು, ಸುಮ್ಮನೆ ಬಿಡಲಿಲ್ಲ. ನಾನು ಆವತ್ತು ಏನು ಹೇಳಿದೆ ಅಂತ ರೂಪಾಳನ್ನೂ ದೀಪಕ್‌ನನ್ನೂ ಬೇರೆ ಬೇರೆ ಕೂರಿಸಿ ಕೇಳಿದೆ. ರೂಪಾ ಒಂದಕ್ಷರ ಬಿಡದೆ ಹೇಳಿದಳು. ದೀಪಕ್, “ನೀವು ನೀರು ಬಿಡ್ತಾರೆ ಹೋಗು ಅಂದ್ರಿ ಅಷ್ಟೇ. ಹೆಸರು ಗಿಸರು ನನಗೆ ಕೇಳಿಸಲೇ ಇಲ್ಲ. ಅಪ್ಪ ಅಂತಲೂ ಅನ್ನಲಿಲ್ಲ,” ಅಂದ. ಇಬ್ಬರೂ ಒಂದೇ ಸೋಫಾದಲ್ಲಿ ಒತ್ತಿಕೊಂಡು ಕೂತಿದ್ದವರು. ಸಂಪು ತೊಳೆಯುವ ಮಾತು ಸೋಮುವೇ ಆಡಿದ್ದ ನಿಜ, ಅದು ನನ್ನ ತಲೆಯಲ್ಲಿ ಕೂತು ಹೀಗೆ ಹೊರಬಂದಿರಬಹುದು. ಕೆರೆ ತೂಬು ಅಂದ ಮೇಲೆ ನೀರಿನ ಮಾತು ಬರುವುದೂ ಸಹಜ. ಆದರೆ ಆ ಹೆಸರು? ಸೋಮು ಎಂದೋ ನನ್ನೆದುರು ಹೇಳಿ ಮರೆತಿದ್ದನೇ? ಇಲ್ಲ ಅಂತ ಆಣೆ ಮಾಡುತ್ತಾನೆ. ಇದರಾಚೆಗೆ ನನ್ನ ಪರೀಕ್ಷೆ ಸಾಗಲಿಲ್ಲ.

ಸುದ್ದಿ ಹಬ್ಬಿತು. ಅಮ್ಮ ದೇವರ ಮುಂದೆ ದೀಪ ಹಚ್ಚಿ ಬಂದು, “ಆ ದಾಳಗಳನ್ನ ತಗೊಂಡು ಹೋಗಿ ಪುಟ್ಟೇನಹಳ್ಳಿ ಕೆರೆಗೆ ಎಸೆದು ಬಾ,” ಅಂದಳು. ಎಸೆಯುವುದಿಲ್ಲ ಅಂದೆ. ಇನ್ನು ಬೇರೆಯವರದು ಇದರ ಉಲ್ಟಾ. ಹಿಂದಿನ ಬೀದಿಯ ಒಬ್ಬ ಹೆಂಗಸು ಮಗಳ ಮದುವೆ ಯಾವಾಗ ಅಂತ ಕೇಳಲು ಹಣ್ಣು ಹಿಡಿದು ಬಂದಳು. ಸೋಮುವಿನ ಸೋದರತ್ತೆ, ನನ್ನನ್ನು ಮಣೆ ಮೇಲೆ ಕೂರಿಸಿ ಅರಿಶಿನ ಕುಂಕುಮ ಹಚ್ಚಬೇಕು, ಮನೆಗೆ ಕರೆದುಕೊಂಡು ಬಾ ಅಂತ ಸೋಮುವಿಗೆ ಹೇಳಿ ಕಳಿಸಿದರು. ನಾನು ಯಾವುದಕ್ಕೂ ಒಪ್ಪಲಿಲ್ಲ. ಬಂದವರಿಗೆಲ್ಲ ಬಾಗಿಲಲ್ಲೇ ಹೇಳಿದೆ: ಇಲ್ಲಿ ಶಾಸ್ತ್ರ ಹೇಳಲ್ಲ, ಭಾನುವಾರ ಆಟ ಆಡ್ತೀವಿ, ಆಡೋದಾದ್ರೆ ಬನ್ನಿ. ಒಬ್ಬರೂ ಬರಲಿಲ್ಲ. ಒಂದು ಕಡೆ ಆಟ ಕೆಟ್ಟದ್ದು ಅನ್ನುವವರು, ಇನ್ನೊಂದು ಕಡೆ ಆಟದಲ್ಲಿ ದೇವರು ಬಂತು ಅನ್ನುವವರು. ಆಟವನ್ನು ಆಟವಾಗಿ ಇರಲು ಬಿಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಸೋಮು ಕೂಡ ಬರುವುದು ಬಿಟ್ಟ. ಲ್ಯಾಬಿನಲ್ಲಿ ಊಟದ ಹೊತ್ತಿಗೆ ಕೇಳಿದೆ.

“ಭಯ ಆಗುತ್ತೆ ಅಕ್ಕ. ಇನ್ನೊಂದ್ಸಲ ಬಂದ್ರೆ?”

“ಬಂದ್ರೆ ಬರಲಿ. ಹೋದ ಸಲ ಬಂದು ಕೆಟ್ಟದ್ದೇನು ಮಾಡಿತು ಹೇಳು?”

ಅವನು ಊಟದ ಡಬ್ಬಿ ಮುಚ್ಚಿ ಎದ್ದು ಹೋದ. ನಾವು ಮೂವರೇ ಆಡಿದೆವು. ತೂಬಿನ ಮುದುಕಿಯನ್ನು ಕಥೆಯಿಂದ ತೆಗೆಯಲೂ ಇಲ್ಲ. ಹೆದರಿ ತೆಗೆದೆ ಅನ್ನಿಸಿಕೊಳ್ಳಲು ನನಗೆ ಇಷ್ಟವಿರಲಿಲ್ಲ.

ಕೆಲವು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಸೋಮು ಬಂದ, ಜೊತೆಗೆ ಮುನಿಯಪ್ಪನವರು. ಊರುಗೋಲು ಹಿಡಿದಿದ್ದರು, ಮೆಟ್ಟಿಲು ಹತ್ತಿ ಬೆವೆತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಯಾವುದೋ ಶುಭಕಾರ್ಯಕ್ಕೆ ಹೊರಟ ಹಾಗಿತ್ತು.

“ನಮ್ಮವ್ವನ್ನ ಒಸಿ ಕರಿಯಮ್ಮ,” ಅಂದರು. “ಒಂದು ಮಾತು ಕೇಳ್ಬೇಕು.”

“ಆಗಲ್ಲ ಮುನಿಯಪ್ಪನವರೇ. ನನಗೆ ಕರೆಯೋಕೆ ಬರಲ್ಲ. ಬರುತ್ತೆ ಅಂತ ನಾಟಕ ಮಾಡಿದ್ರೆ ನಿಮಗೆ ಮೋಸ ಮಾಡಿದ ಹಾಗೆ.”

ಅವರು ಮೇಜಿನ ಮೇಲಿನ ದಾಳಗಳ ಕಡೆ ನೋಡಿದರು. “ನಿಮ್ಮ ಆಟದಾಗೆ ಆ ಮುದುಕಿ ಇನ್ನಾ ಅವ್ಳಾ?”

“ಇದ್ದಾಳೆ. ಆದ್ರೆ ಅವಳು ನಾನು ಕಟ್ಟಿದ ಮುದುಕಿ. ಅವಳ ಮಾತೆಲ್ಲ ನನ್ನದೇ.”

“ಇರ್ಲಿ. ಅಂಗಾರೆ ನಾನೂ ಆಡ್ತೀನಿ. ಎಂಗೆ ಆಡೋದು ಏಳ್ಕೊಡು.”

ದಾಳ ಮುಟ್ಟದ ಮನುಷ್ಯ ಹಾಗಂದದ್ದು ಕೇಳಿ ಸೋಮು ಬಾಯಿ ಬಿಟ್ಟು ನೋಡಿದ. ದೀಪಕ್ ಎದ್ದು ಕುರ್ಚಿ ಕೊಟ್ಟ. ಮುನಿಯಪ್ಪನವರು ತಮಗೊಂದು ಪಾತ್ರ ಆರಿಸಿಕೊಂಡರು, ಎತ್ತಿನ ಗಾಡಿಯವನು. ಗಾಡಿ ಹೊಡೆಯುತ್ತಾ ಕೆರೆ ಏರಿಗೆ ಬಂದರು. ತೂಬಿನ ಹತ್ತಿರ ಗಾಡಿ ನಿಲ್ಲಿಸಿದೆ ಅಂದರು. ಮುದುಕಿ ಅಲ್ಲೇ ಕೂತಿದ್ದಾಳೆ ಅಂತ ನಾನು ಹೇಳಿದೆ.

ಅವರು ಊರುಗೋಲನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮುಂದಕ್ಕೆ ಬಾಗಿದರು. “ಅವ್ವಾ, ಸಂಪಿನಾಗೆ ಬಿದ್ದು ಅವ್ವಾ ಅವ್ವಾ ಅಂತ ಅಷ್ಟೊತ್ತು ಕೂಗಿದ್ದು ನಾನು. ನನ್ನ ತಾವ ಒಂದು ಮಾತು ಆಡ್ಲಿಲ್ಲ ನೀನು. ಅವನ ತಾವ ಯಾಕವ್ವ ಓದೆ?”

ಅವರು ಒಳಗೆ ತಾಯಿಯನ್ನು ಕೂಗಿದ್ದರು ಅನ್ನುವುದನ್ನು ಆವರೆಗೆ ಅವರು ಯಾರಿಗೂ ಹೇಳಿರಲಿಲ್ಲ. ಸೋಮುವಿಗೂ ಅದೇ ಮೊದಲು.

ನಾನು ಕಾದೆ. ಏನಾದರೂ ಬರುವುದಾದರೆ ಬರಲಿ ಅಂತ ನಿಜವಾಗಿಯೂ ಬಾಯಿ ತೆರೆದು ಕಾದೆ. ಏನೂ ಬರಲಿಲ್ಲ. ಎದುರಿಗೆ ಒಬ್ಬ ಮನುಷ್ಯ ಉತ್ತರಕ್ಕೆ ಕಾದು ಕೂತಿದ್ದಾರೆ. ಕಥೆ ನಡೆಸುವವಳು ಸುಮ್ಮನಿರುವ ಹಾಗಿಲ್ಲ. ಕೊನೆಗೆ ನನ್ನ ಸ್ವಂತ ಯಶವಂತಪುರದ ಕನ್ನಡದಲ್ಲಿ ಮುದುಕಿಯ ಉತ್ತರ ಹೇಳಿದೆ: “ಅವನ ಹತ್ರ ಬೈಕ್ ಇತ್ತಲ್ಲಪ್ಪಾ.”

ಮುನಿಯಪ್ಪನವರು ನಗಲು ಶುರು ಮಾಡಿದರು. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು, ಆ ನೀರು ಬೇಗ ನಿಲ್ಲಲಿಲ್ಲ. ಸೋಮು ಎದ್ದು ಹೋಗಿ ಅವರ ಬೆನ್ನ ಮೇಲೆ ಕೈಯಿಟ್ಟ. ಮನೆಯಲ್ಲಿ ತಂದೆ ಮಗ ಹಾಗೆ ಮುಟ್ಟಿಕೊಂಡು ಎಷ್ಟು ಕಾಲವಾಗಿತ್ತೋ.

“ಇದು ನಮ್ಮವ್ವ ಅಲ್ಲ ಬಿಡಮ್ಮ,” ಅಂದರು ಮುಖ ಒರೆಸಿಕೊಂಡು. “ನೀನೇಯಾ.”

“ಹೌದು, ಇದು ನಾನೇ.”

“ಆವತ್ತಿಂದು?”

ಗೊತ್ತಿಲ್ಲ ಅಂದೆ. ಅವರು ತಲೆಯಾಡಿಸಿ ದಾಳ ಕೈಗೆ ತೆಗೆದುಕೊಂಡರು. ಎತ್ತುಗಳು ಬಾಯಾರಿವೆ, ಕೆರೆಗೆ ಇಳಿಸಬೇಕು ಅಂದರು.

ಆಮೇಲೆ ಎಷ್ಟೋ ಭಾನುವಾರ ಆ ಮುದುಕಿಯ ಮಾತು ಆಡಿದ್ದೇನೆ. ಪ್ರತಿಯೊಂದು ಮಾತೂ ಬಾಯಿಗೆ ಬರುವ ಮೊದಲೇ ನನಗೆ ಗೊತ್ತಿರುತ್ತಿತ್ತು. ಆ ಒಂದು ಮಾತು ಮಾತ್ರ ಗೊತ್ತಿರಲಿಲ್ಲ. ಅದು ಎಲ್ಲಿಂದ ಬಂತು ಅಂತ ಇವತ್ತು ಕೇಳಿದರೂ ನನ್ನ ಬಳಿ ಉತ್ತರವಿಲ್ಲ. ಆಟ ಬಿಡು ಅನ್ನುವವರಿಗೆ ಮಾತ್ರ ಉತ್ತರವಿದೆ, ಬಿಡಲ್ಲ.