ನಾಲ್ಕನೆಯ ಎಳೆ

ಕರೆಂಟು ಹೋದಾಗ ಬೀಸಣಿಗೆ ಬೀಸಿಕೊಂಡು ನೋಡಿ. ಬರುವ ಗಾಳಿಗಿಂತ ಸುರಿಯುವ ಬೆವರೇ ಹೆಚ್ಚು. ಮನುಷ್ಯನ ಬಲದ ಯೋಗ್ಯತೆ ಇಷ್ಟೇ ಎಂದು ನಾನು ಎಂದೋ ತೀರ್ಮಾನಿಸಿದ್ದೆ. ಚಿಕ್ಕಬಳ್ಳಾಪುರದಲ್ಲಿ ಇಂಜಿನಿಯರಿಂಗ್ ಓದುವ ಮೊಮ್ಮಗಳು ಲಾವಣ್ಯ ಒಪ್ಪಲಿಲ್ಲ. ಪೆಟ್ರೋಲಿಲ್ಲದೆ, ಸೈಕಲ್ಲಿನಂತೆ ತುಳಿದೇ ಏಳುವ ಹೆಲಿಕಾಪ್ಟರ್ ಮಾಡಲು ಗೆಳತಿಯರೊಡನೆ ಹೊರಟಳು.

ಈ ಹುಚ್ಚು ಅವಳೊಬ್ಬಳದಲ್ಲವಂತೆ. ಅಮೆರಿಕದ ವಿದ್ಯಾರ್ಥಿಗಳು ಮೊದಲು ಗೇಣೆತ್ತರ ಎದ್ದು ಕೂತರಂತೆ. ಜಪಾನಿನವರು ಇನ್ನಷ್ಟು ಹೊತ್ತು ನಿಂತರಂತೆ. ಕೊನೆಗೆ ಕೆನಡಾದವರು ಆಳೆತ್ತರ ಮೀರಿ, ಒಂದು ನಿಮಿಷ ದಾಟಿಸಿದರಂತೆ. ಕಾಲಿನ ಬಲ ಅಲ್ಪವಾದ್ದರಿಂದ ರೆಕ್ಕೆ ಭಾರಿ ಅಗಲವಿದ್ದು ನಿಧಾನ ತಿರುಗಬೇಕು. ಅಗಲ ಮಾಡಿದರೆ ಭಾರ, ಭಾರ ಇಳಿಸಿದರೆ ಬಾಗುತ್ತದೆ. ಎಲ್ಲ ಕಡೆ ತೂಕ ಕೆರೆದಾದ ಮೇಲೆ, ತುಳಿಯುವವಳಾದ ಲಾವಣ್ಯ ತನ್ನನ್ನೇ ಕೆರೆದುಕೊಳ್ಳಲು ಮುದ್ದೆ ಬಿಟ್ಟಳು.

"ತಿನ್ನದೆ ಹೆಂಗೆ ತುಳೀತೀಯೇ?"

"ತಿಂದಿದ್ದನ್ನೂ ನಾನೇ ಎತ್ಬೇಕಲ್ಲಜ್ಜಿ!"

ಹೊರಗಿನ ಗಾಳಿ ತಾಗಬಾರದೆಂದು ಪೆರೇಸಂದ್ರದ ಹತ್ತಿರ ಖಾಲಿ ಗೋದಾಮು ಹಿಡಿದರು. ಯಂತ್ರಕ್ಕೆ ನಾಲ್ಕು ರೆಕ್ಕೆ, ನಾಲ್ಕು ಕಾಲು. ನಾಲ್ಕೂ ಒಟ್ಟಿಗೆ ನೆಲ ಬಿಟ್ಟರೆ ಮಾತ್ರ ಎದ್ದ ಲೆಕ್ಕ. ಚೂರೇ ಎದ್ದರೆ ಕಣ್ಣಿಗೆ ಅದು ತಿಳಿಯುವುದಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚಿದವಳು ನಾನು. ಒಂದೊಂದು ಕಾಲಿನಡಿ ಒಂದೊಂದು ರೇಷ್ಮೆ ಎಳೆ ಹಾಸಿ, ತುದಿಗಳನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಎಳೆದು ಹಿಡಿದು ದೂರ ಕೂತೆ. ಕಾಲು ಎದ್ದರೆ ಎಳೆ ಜಾರಿ ಕೈಗೆ ಬರುತ್ತದೆ.

ಲಾವಣ್ಯ ತುಳಿದಳು. ರೆಕ್ಕೆಗಳು ಸೋಮಾರಿಗಳಂತೆ ತಿರುಗಿದವು, ನೆಲದ ಧೂಳು ಎದ್ದಿತು. ಒಂದು ಎಳೆ ಬಂತು. ಇನ್ನೊಂದು. ಮೂರನೆಯದೂ ಬಂತು. ನಾಲ್ಕನೆಯದು ಬಿಗಿಯಾಗಿಯೇ ಇತ್ತು. ಅಷ್ಟರಲ್ಲಿ ಅವಳ ಕಾಲು ಸೋತಿತು, ಯಂತ್ರ ಕೂತಿತು. ಗೆಳತಿಯರು ಮಾತ್ರ ಎದ್ದೇಬಿಟ್ಟಿತೆಂದು ಕೇಕೆ ಹಾಕುತ್ತಿದ್ದರು.

"ಬಂತಾ ಅಜ್ಜಿ?" ಏದುಸಿರಿನಲ್ಲೇ ಕೇಳಿದಳು.

"ಬಂತು ಅಂದ್ಬಿಡಜ್ಜಿ, ಪಾಪ," ಎಂದು ನನ್ನ ಬೆರಳು ನೋಡಿದ ಗೆಳತಿಯೊಬ್ಬಳು ಕಿವಿಯಲ್ಲಿ ಉಸುರಿದಳು.

"ಮೂರು ಬಂತು. ನಾಲ್ಕನೇದು ಬರ್ಲಿಲ್ಲ ಕಣೇ."

ಲಾವಣ್ಯ ಹ್ಯಾಂಡಲ್ಲಿನ ಮೇಲೆ ತಲೆಯಿಟ್ಟು ಕೂತಳು. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಬೆರಳಿನ ಎಳೆಗಳನ್ನು ಬಿಚ್ಚಿ ಸುತ್ತಿಟ್ಟೆ. ಆಮೇಲೆ ಅವಳೇ ತಲೆಯೆತ್ತಿದಳು.

"ಮುದ್ದೆ ತಂದಿದ್ದೀಯಾ?"

"ಅವರೆಕಾಳು ಸಾರೂ ತಂದಿದ್ದೀನಿ."

"ಹಾಕು. ಸಾಯಂಕಾಲ ಇನ್ನೊಂದ್ಸಲ ತುಳೀತೀನಿ."

ಅವಳು ಉಣ್ಣುವಾಗ ನಾನು ಬೀಸಣಿಗೆ ಹಿಡಿದು ಪಟಪಟ ಬೀಸಿದೆ. ಅವಳು ಅದನ್ನು ಕಿತ್ತುಕೊಂಡು, ರೆಕ್ಕೆ ಮಾಡಿ ಮಿಕ್ಕಿದ್ದ ಅಗಲವಾದ ಥರ್ಮಾಕೋಲ್ ಹಾಳೆ ಕೊಟ್ಟಳು.

"ದೊಡ್ಡದ್ರಲ್ಲಿ, ನಿಧಾನಕ್ಕೆ ಬೀಸಜ್ಜಿ."

ಬೀಸಿದೆ. ಬೆವರು ಬಂತು. ಆದರೆ ಈ ಸಲ ಗಾಳಿಯೂ ಬಂತು.