ಶಹರ್ ಬಾನು ನಿಲ್ಲಿಸುವ ಗೆರೆ

ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ ಹಿಂದಿನ ಓಣಿಯಲ್ಲಿ ಇನ್ನೂ ನಸುಕು. ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ರೇಷ್ಮೆ ರಾಟೆಯ ಚಕ್ರವೊಂದು ಮೋಟಾರಿಗೆ ಸಿಕ್ಕಿ ಗಿರ್ರನೆ ತಿರುಗುತ್ತಿದೆ. ಅದರ ಮೇಲಿನ ಸೀಮೆಸುಣ್ಣದ ಗೆರೆ ವೇಗದಲ್ಲಿ ಕರಗಿ ಮಾಯವಾಗಿದೆ. ಶಹರ್ ಬಾನು ಬಂದೂಕಿನ ಆಕಾರದ ದೀಪವೊಂದನ್ನು ಅದರತ್ತ ಹಿಡಿದು ಗುಂಡಿ ಒತ್ತುತ್ತಾರೆ. ಬಿಳಿ ಬೆಳಕು ಪಟಪಟನೆ ಮಿಂಚುತ್ತದೆ. ಓಡುವ ಚಕ್ರ ನಿದ್ದೆಹೋದಂತೆ ನಿಂತುಬಿಡುತ್ತದೆ. ಕಳೆದುಹೋಗಿದ್ದ ಗೆರೆ ಗಾಳಿಯಲ್ಲಿ ತೇಲುವ ಎಳೆಯ ಹಾಗೆ ಕಾಣಿಸಿಕೊಳ್ಳುತ್ತದೆ.

ಆದರೆ ಅದು ಚಕ್ರದ ಪಕ್ಕದ ಚೌಕಟ್ಟಿಗೆ ಗುರುತಿಗಾಗಿ ಹೊಡೆದ ಮೊಳೆಯ ಎದುರಿಗಿಲ್ಲ. ಬೆರಳಗಲ ಆಚೆಗಿದೆ.

ಇದು ಟೈಮಿಂಗ್ ಲೈಟ್. ಹಳೆಯ ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಸರಿಯಾದ ಕ್ಷಣಕ್ಕೆ ಹಾರುತ್ತಿದೆಯೇ ಎಂದು ಮೆಕ್ಯಾನಿಕ್‌ಗಳು ನೋಡುವುದು ಇದರ ಬೆಳಕಿನಲ್ಲಿ. ಬಾನು ಅದನ್ನು ಪರೀಕ್ಷಿಸುವುದು ಈ ಚಕ್ರದ ಮೇಲೆ. ಪ್ರತಿ ಸುತ್ತಿಗೂ ಪಕ್ಕದಲ್ಲಿ ಜೋಡಿಸಿದ ಮೊಪೆಡ್ಡಿನ ಪ್ಲಗ್ ಒಂದು ಕಿಡಿ ಹಾರಿಸುತ್ತದೆ. ಕಿಡಿಯ ಜೊತೆಗೇ ದೀಪ ಮಿಂಚಿದರೆ ಗೆರೆ ಮೊಳೆಯ ಎದುರು ನಿಲ್ಲಬೇಕು. ಕೆಟ್ಟ ದೀಪವನ್ನು ಬಿಸಾಡಿ ಹೊಸದು ಕೊಳ್ಳುವವರೇ ಈಗ ಹೆಚ್ಚು. ಬಿಸಾಡಲು ಮನಸ್ಸಾಗದವರು ಚಿಂತಾಮಣಿಯಿಂದ, ಗೌರಿಬಿದನೂರಿನಿಂದ ಇಲ್ಲಿಗೆ ಬರುತ್ತಾರೆ. ತಿಂಗಳಿಗೆ ಆರೇಳು ಮಂದಿ.

ಹನ್ನೆರಡನೇ ವಯಸ್ಸಿನಿಂದ ಇಪ್ಪತ್ತು ವರ್ಷ ಬಿಸಿನೀರಿಗೆ ಕೈಯದ್ದಿ ಗೂಡಿನಿಂದ ನೂಲು ತೆಗೆದವರು ಬಾನು. ಉಗಿಗೆ ಉಸಿರು ಕಟ್ಟತೊಡಗಿದಾಗ ಬಿಟ್ಟರು. ಅದೇ ಹೊತ್ತಿಗೆ ಗಾಡಿಗಳ ವೈರಿಂಗ್ ಮಾಡುತ್ತಿದ್ದ ಗಂಡ ಬಷೀರ್ ಅಹಮದರ ಕೈ ನಡುಗಲು ಶುರುವಾಯಿತು. "ಇವರು ಬಾಯಲ್ಲಿ ಹೇಳೋರು, ನಾನು ಕೈಯಲ್ಲಿ ಮಾಡ್ತಿದ್ದೆ. ಕೂದಲಿಗಿಂತ ಸಣ್ಣ ತಾಮ್ರದ ತಂತಿ. ನಂಗದು ರೇಷ್ಮೆ ತರಾನೇ ಕಾಣ್ತು" ಎನ್ನುತ್ತಾರೆ ಬಾನು. ಹದಿನಾಲ್ಕು ವರ್ಷವಾಯಿತು. ಗಾಡಿಯ ಮಾಲೀಕರೆಲ್ಲ ಇಂದಿಗೂ ಇದನ್ನು ಬಷೀರಣ್ಣನ ಕೈಚಳಕ ಎಂದೇ ನಂಬಿದ್ದಾರೆ.

ಈ ಬೆಳಿಗ್ಗೆ ಬೆಂಚಿನ ಮೇಲೆ ಕೂತಿರುವವರು ಮೇಲೂರಿನ ಮೆಕ್ಯಾನಿಕ್ ವೆಂಕಟರವಣಪ್ಪ. ಆರು ತಿಂಗಳ ಹಿಂದೆ ಅವರ ಲೈಟಿನೊಳಗಿನ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್, ಸುಟ್ಟಾಗ ಹೊಸದಾಗಿ ಸುತ್ತಿಕೊಟ್ಟವರು ಬಾನು. ಆಮೇಲೆ ಅದನ್ನೇ ಹಿಡಿದು ಟೈಮಿಂಗ್ ಇಟ್ಟ ಐದು ಜೀಪುಗಳು ದಿಣ್ಣೆ ಹತ್ತುವಾಗ ಕಟಕಟ ಎನ್ನುತ್ತಿವೆ.

"ಲೈಟು ಸುಳ್ಳು ಹೇಳ್ತೈತೋ, ನನ್ ಕಣ್ಣೇ ಸುಳ್ಳು ಹೇಳ್ತೈತೋ ನೋಡಮ್ಮ. ಜೀಪಿನ ನಲ್ಲಪ್ಪ ಇನ್ಮೇಲೆ ನನ್ ಹತ್ರ ಗಾಡಿ ಬಿಡಲ್ಲ ಅಂದ್ಬಿಟ್ಟ."

"ಕಣ್ಣೇ ಇರ್ಬೇಕು ಕಣೋ," ಮಂಚದಿಂದ ಬಷೀರ್ ದನಿ. "ಕನ್ನಡಕ ಹಾಕ್ಕೋ ಅಂತ ನಾಲ್ಕು ವರ್ಷದಿಂದ ಹೇಳ್ತಿದೀನಿ."

"ನೀವು ಸುಮ್ನೆ ಚಾ ಕುಡೀರಿ, ಆರ್ತಾ ಇದೆ," ಎನ್ನುತ್ತಾರೆ ಬಾನು ಗಂಡನಿಗೆ.

ಬಾನು ಕಾಯಿಲ್ ಬಿಚ್ಚಿ ಬೆರಳ ತುದಿಯಲ್ಲಿ ಸವರುತ್ತಾರೆ. ಮತ್ತೊಮ್ಮೆ ಸವರುತ್ತಾರೆ. ಹೊರಗೆ ಯಾರೋ ಬಾಗಿಲಿಗೆ ನೀರು ಹಾಕುವ ಸದ್ದು.

"ತಪ್ಪು ನಂದೇ," ಎನ್ನುತ್ತಾರೆ ಬಾನು ಕೊನೆಗೆ.

ಹಳೆಯ ಸುತ್ತು ಸುಟ್ಟು ಪುಡಿಯಾಗಿತ್ತು, ದಿಕ್ಕಿನ ಗುರುತೇ ಉಳಿದಿರಲಿಲ್ಲ. ಕೈ ತನಗೆ ಗೊತ್ತಿದ್ದ ದಿಕ್ಕಿಗೆ, ಇಪ್ಪತ್ತು ವರ್ಷ ರೇಷ್ಮೆ ಸುತ್ತಿದ ದಿಕ್ಕಿಗೆ ಸುತ್ತಿಬಿಟ್ಟಿದೆ. ಸುತ್ತು ಉಲ್ಟಾ ಆಗಿ ದೀಪ ಕಿಡಿಗಿಂತ ಚೂರು ತಡವಾಗಿ ಮಿಂಚುತ್ತಿದೆ; ಅದನ್ನು ನಂಬಿ ಟೈಮಿಂಗ್ ಇಟ್ಟ ಗಾಡಿಗಳಲ್ಲಿ ಕಿಡಿ ಬೇಗ ಹಾರುತ್ತಿದೆ. "ಅವತ್ತು ಕರೆಂಟ್ ಇರ್ಲಿಲ್ಲ. ಚಕ್ರಕ್ಕೆ ಹಿಡೀದೆ ಕೊಟ್ಬಿಟ್ಟೆ."

ತಂತಿಯ ಎರಡು ತುದಿಗಳನ್ನು ಅದಲುಬದಲು ಮಾಡಿ ಬೆಸೆಯುತ್ತಾರೆ. ಚಕ್ರ ತಿರುಗುತ್ತದೆ, ದೀಪ ಮಿಂಚುತ್ತದೆ. ಗೆರೆ ಮೊಳೆಯ ಎದುರು ಬಂದು ನಿಲ್ಲುತ್ತದೆ.

"ಐದು ಗಾಡಿಗೂ ನಾನೇ ಮತ್ತೆ ಟೈಮಿಂಗ್ ಇಡ್ತೀನಿ ಬಿಡಮ್ಮ," ವೆಂಕಟರವಣಪ್ಪ ಹಗುರಾಗುತ್ತಾರೆ. "ಬಷೀರಣ್ಣನ ಕೈ ತಪ್ತು ಅಂತ ಹೇಳ್ಬಿಟ್ರಾಯ್ತು. ಗಾಡಿಯೋರಿಗೆ ನಿಮ್ ಹೆಸರೇ ಗೊತ್ತಿಲ್ಲ."

"ಹೇಳಪ್ಪ, ಹೇಗೂ ನಡುಗೋ ಕೈ," ಬಷೀರ್ ನಗುತ್ತಾರೆ.

ಬಾನು ನಗುವುದಿಲ್ಲ. ದೀಪವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೇಲೂರಿನ ಬಸ್ಸು ಹತ್ತುತ್ತಾರೆ.

ನಲ್ಲಪ್ಪನ ಅಂಗಳದಲ್ಲಿ ಎಳೆ ಬಿಸಿಲು. ಜೀಪಿನ ಬಾನೆಟ್ ತೆರೆದಿದೆ. "ಯಾರಪ್ಪ ಈಯಮ್ಮ? ಬಷೀರಣ್ಣ ಬರ್ಲಿಲ್ವಾ?" ಎಂದು ನಲ್ಲಪ್ಪ ಕೇಳುತ್ತಾರೆ. ಸ್ಕೂಟರಿನಲ್ಲಿ ಮೊದಲೇ ಬಂದಿದ್ದ ವೆಂಕಟರವಣಪ್ಪ ತಲೆ ಕೆರೆದುಕೊಳ್ಳುತ್ತಾರೆ.

ಬಾನು ಪ್ಲಗ್ಗಿನ ವೈರಿಗೆ ದೀಪದ ಕ್ಲಿಪ್ ಸಿಕ್ಕಿಸಿ ತಲೆಯೆತ್ತುತ್ತಾರೆ.

"ಈ ಲೈಟು ರಿಪೇರಿ ಮಾಡಿದ್ದು ನಾನಪ್ಪ. ಹದಿನಾಲ್ಕು ವರ್ಷದಿಂದ ನಾನೇ ಮಾಡೋದು. ಇದೊಂದು ತಪ್ಪಾಯ್ತು. ಗಾಡಿ ಸ್ಟಾರ್ಟ್ ಮಾಡಿ."